ಕಡೆಯ ನಾಲ್ಕು ನುಡಿ

೯ ನವೆಂಬರ್ ೨೦೦೨, ಶನಿವಾರ

ನಾನು ರೇಣವ್ವ. ವಯಸ್ಸು ಅರವತ್ತೆರಡು. ೧೯೫೭ರಲ್ಲಿ ಮ್ಯಾಟ್ರಿಕ್ ಪಾಸಾದವಳು. ಕುರಿ ಕಾಯುವ ನಮ್ಮ ಮಂದಿಯಲ್ಲಿ ಆಗ ಗಂಡಸರೂ ಅಷ್ಟು ಓದಿರಲಿಲ್ಲ. ಖಾನಾಪುರ ತಾಲೂಕು ಬಿಟ್ಟು ಬೆಳಗಾವಿಗೆ ಬಂದು ರಾಮತೀರ್ಥ ನಗರದಲ್ಲಿ ಮನೆ ಕಟ್ಟಿಸಿದವಳು ನಾನು. ಮಗ ರಾಮಲಿಂಗ ವಿದ್ಯುತ್ ಮಂಡಳಿಯ ನೌಕರಿ ಹಿಡಿಯುವ ತನಕ ಅವನ ಬೆನ್ನು ಬಿಡದವಳು ನಾನು. ನಮ್ಮ ಯಜಮಾನರ ಡೊಳ್ಳಿನ ಮೇಳವನ್ನು ಮೂವತ್ತೆಂಟು ವರ್ಷ ನಡೆಸಿದವಳೂ ನಾನೇ. ಹಾಡುವವರು ಅವರು. ಎಲ್ಲಿ ಹಾಡಬೇಕು, ಯಾರ ಮುಂದೆ, ಎಷ್ಟು ಹೊತ್ತು ಎಂಬುದು ನನ್ನ ಮಾತು. ಗಂಡನ ಹೆಸರನ್ನು ಈವರೆಗೆ ಬಾಯಿಂದ ಆಡಿಲ್ಲ. ಇಲ್ಲಿ ಒಮ್ಮೆ ಬರೆಯುತ್ತೇನೆ: ಸಿದರಾಯ.

ಈ ಡೈರಿ ರಾಮಲಿಂಗನ ಆಫೀಸಿನದು, ಹತ್ತು ತಿಂಗಳಿನಿಂದ ಖಾಲಿ ಬಿದ್ದಿತ್ತು. ಮಂದಿಯ ಮುಂದೆ ಅಳುವ ರೂಢಿ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಜಮಾನರ ಗಂಟಲಿನ ಗಂಟು ಕೆಟ್ಟ ಜಾತಿಯದು ಎಂದು ಇಂದು ಡಾಕ್ಟರು ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಇದೇ ತಿಂಗಳ ಇಪ್ಪತ್ತೆಂಟಕ್ಕೆ, ಗುರುವಾರ, ಆಪರೇಶನ್. ಅಲ್ಲಿಯ ತನಕ ಪಿಸುಮಾತು ಆಡಬಹುದು, ಅದೂ ಸ್ವಲ್ಪ.

ಮನೆಗೆ ಬಂದವರೇ ಪಾಟಿ ತೆಗೆದುಕೊಂಡು ಅವರು ಬರೆದದ್ದು: ‘ಹೊಳಿ ಪದ ಪ್ರಮಿಳಾಗ ಕೊಡಬೇಕು.’

ಪ್ರಮಿಳಾ ಅಂದರೆ ಸೊಸೆ. ಖಾನಾಪುರದವಳು. ತವರಿನಲ್ಲಿ ಮರಾಠಿ ಮಾತು. ಅವಳ ಬಾಯಲ್ಲಿ ನಮ್ಮ ಪದ ಏನಾದೀತು ಎಂದು ನನಗೆ ಗೊತ್ತು. ರಾಮಲಿಂಗನಿಗೆ ಕೊಡಿ ಎಂದೆ. ಅವರು ನಕ್ಕರು. ರಾಮಲಿಂಗನ ಕಂಠ ಟ್ರಾನ್ಸ್‌ಫಾರ್ಮರಿನ ಹಾಗೆ ಗುಂಯ್‌ಗುಡುತ್ತದೆ, ಅದೂ ನನಗೆ ಗೊತ್ತು.

ಹೊಳಿ ಪದ ನಮ್ಮ ಮಾವನವರ ತಂದೆಯಿಂದ ಬಂದದ್ದು. ಹದಿನಾಲ್ಕು ನುಡಿ. ಮಳೆಗಾಲದಲ್ಲಿ ಮಲಪ್ರಭಾ ಹೊಳೆಯನ್ನು ಕುರಿಮಂದೆ ದಾಟುವ ಕಥೆ. ಎಲ್ಲಿಯೂ ಬರೆದಿಟ್ಟಿಲ್ಲ. ಬರೆದರೆ ಪರರ ಕೈಗೆ ಹೋಗುತ್ತದೆಂದು ನಾನೇ ಬರೆಯಗೊಡಲಿಲ್ಲ. ನಮ್ಮಲ್ಲಿ ಒಂದು ಪದ ಬೇಕೆಂದರೆ ಕಂಬಳಿ ಹಾಸಿ, ಐದು ಎಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿಯ ವೀಳ್ಯ ಇಟ್ಟು ಕೇಳಬೇಕು. ಪದ ಯಾರ ಹತ್ತಿರ ಉಳಿದಿದೆಯೋ ಅವರು ಎಲೆ ಮುಟ್ಟಿ ‘ಕೊಟ್ಟೆ’ ಎಂದು ಬಾಯಿಬಿಟ್ಟು ಹೇಳಬೇಕು. ಮನೆಯವರಿಗೂ ಇದೇ ಕಟ್ಟಳೆ. ಹಾಗಲ್ಲದೆ ಒಯ್ದರೆ ಅದು ಕಳವು. ೧೯೮೬ರಲ್ಲಿ ಹಲಸಿಯ ಜಾಗರದಲ್ಲಿ ನಮ್ಮ ಹಿಮ್ಮೇಳದ ನಾಗಲಿಂಗ, ಯಜಮಾನರನ್ನು ಅಣ್ಣಾ, ನನ್ನನ್ನು ವೈನಿ ಎನ್ನುತ್ತಿದ್ದವನು, ಟವೆಲ್ಲಿನ ಕೆಳಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಸಿಕ್ಕುಬಿದ್ದ. ನಾಲ್ಕು ಊರ ಮಂದಿಯ ಮುಂದೆ ಅವನ ಕೈಯಿಂದಲೇ ಕ್ಯಾಸೆಟ್ ಕೊಡಿಸಿ ಧುನಿಯ ಬೆಂಕಿಗೆ ಹಾಕಿಸಿದೆ. ಅಂದಿನಿಂದ ಅವನು ನಮ್ಮ ಮೇಳಕ್ಕಿಲ್ಲ. ನಾನು ಹೀಗೆ.

೧೧ ನವೆಂಬರ್, ಸೋಮವಾರ

ಕಲಿಸುವುದು ಶುರುವಾಯಿತು. ಅವರು ಪಿಸುಗುಟ್ಟುತ್ತಾರೆ, ಸೊಸೆ ಹಾಡುತ್ತಾಳೆ. ‘ಹೊಳಿ ಏರಿ ಬಂದೈತಿ, ಮರಿ ಮೊದಲ ದಾಟಲಿ’ ಎಂಬ ಪಲ್ಲವಿಯನ್ನು ಇಪ್ಪತ್ತು ಸಲ ಹೇಳಿಸಿದರು. ಹತ್ತನೆಯ ನುಡಿಯ ತನಕ ಹೋದರು. ಆಮೇಲೆ ನಿಂತರು. ಕಣ್ಣು ಮುಚ್ಚಿದರು, ತೊಡೆಯ ಮೇಲೆ ತಾಳ ಹಾಕಿದರು, ಬರಲಿಲ್ಲ. ಆರು ವರ್ಷದಿಂದ ಮೇಳ ನಿಂತಿದೆ. ಹಾಡದ ಪದ ಒಣಗುತ್ತದೆ. ಕಡೆಯ ನಾಲ್ಕು ನುಡಿ ಹೋಗಿವೆ.

ನನ್ನ ಕಡೆ ನೋಡಿದರು. ನೀನಾದರೂ ಹೇಳು ಎನ್ನುವ ಹಾಗೆ.

ನನಗೆ ಬರುವುದಿಲ್ಲ. ಸಾವಿರ ಸಲ ಆ ಪದ ಹಾಡುವಾಗ ನಾನು ಇದ್ದೆ. ಆದರೆ ಹತ್ತನೆಯ ನುಡಿ ಮುಗಿಯುತ್ತಲೇ ಮೇಳದವರ ಊಟದ ವ್ಯವಸ್ಥೆಗೆಂದು ಏಳುತ್ತಿದ್ದೆ. ಒಮ್ಮೆಯೂ ಕಡೆಯ ತನಕ ಕುಳಿತಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹಿಮ್ಮೇಳದವರಿಗೆ ಪಲ್ಲವಿಯಷ್ಟೇ ಬರುತ್ತಿತ್ತು, ಅವರಲ್ಲೂ ಮೂವರು ತೀರಿಹೋದರು.

೧೯೮೧ರಲ್ಲಿ ಒಂದು ಕಂಪನಿ ಈ ಪದದ ಕ್ಯಾಸೆಟ್ ಮಾಡಿತ್ತು. ಪೆಟ್ಟಿಗೆಯಿಂದ ತೆಗೆದರೆ ಟೇಪಿಗೆ ಬೂಷ್ಟು ಹಿಡಿದಿದೆ. ಹಚ್ಚಿದರೆ ಮಿಕ್ಸರಿನಲ್ಲಿ ಚಟ್ನಿ ರುಬ್ಬಿದ ಸದ್ದು.

ಸಂಜೆ ಪಾಟಿಯ ಮೇಲೆ ‘ಹಲಸಿ’ ಎಂದು ಬರೆದು ನನಗೆ ತೋರಿಸಿದರು. ನರಸಿಂಹ ದೇವರ ದರ್ಶನದ ಆಸೆ. “ಆಪರೇಶನ್ ಆಗ್ಲಿ, ಕರಕೊಂಡ ಹೋಗ್ತೀನಿ” ಎಂದೆ. ಅವರು ಅಂಗೈಯಿಂದ ಒರೆಸಿಬಿಟ್ಟರು.

೧೪ ನವೆಂಬರ್, ಗುರುವಾರ

ಆ ಕ್ಯಾಸೆಟ್ ಕಂಪನಿ ಮುಚ್ಚಿ, ಅದರ ಸರಕನ್ನೆಲ್ಲ ಮುಂಬಯಿಯ ಕಂಪನಿಯೊಂದು ಕೊಂಡಿದೆ ಎಂದು ರಾಮಲಿಂಗ ಪತ್ತೆ ಮಾಡಿದ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿಸಿದೆ. ಮರಾಠಿಯಲ್ಲಿ ಮಾತಾಡಿದವಳು ಸೊಸೆ. ಮೂರು ಜನರ ಕೈಗೆ ಫೋನು ದಾಟಿ ಕೊನೆಗೊಬ್ಬ ಸಿಕ್ಕ.

“ಏನಂತಾನ?” ಎಂದೆ.

“ಆ ರೆಕಾರ್ಡ ನಮ್ಮಲ್ಲಿ ಇಲ್ಲ, ಮಳಿಗಾಲದಾಗ ಗೋಡಾವನ್‌ನ್ಯಾಗ ನೀರು ಹೊಕ್ಕು ಹಾಳಾತು ಅಂತಾನ್ರಿ ಅತ್ತಿ. ಆದ್ರ ಬ್ಯಾರೆ ಎಲ್ಲೆರೆ ಸಿಕ್ಕು ನೀವು ಕಾಪಿ ಮಾಡಿಸಿದ್ರ ಕೇಸ ಹಾಕ್ತೀವಿ, ಹಕ್ಕ ನಮ್ಮದೈತಿ ಅಂತಾನ.”

ಫೋನು ಕಸಿದುಕೊಂಡು ಕನ್ನಡದಲ್ಲೇ ಬೈದೆ. ಅವನಿಗೆ ತಿಳಿಯಲಿಲ್ಲ. ಬೂತಿನವನಿಗೆ ತಿಳಿಯಿತು.

ಹಕ್ಕು ಅವರಿಗೆ ಹೇಗೆ ಹೋಯಿತು ಎಂಬುದು ನನಗೆ ಗೊತ್ತು. ಆ ಕಂಪನಿಯವನು ಬಂದಾಗ ಯಾರೋ ಹೇಳಿಕೊಟ್ಟಿದ್ದರೇನೋ, ಕಂಬಳಿ ಹಾಸಿ, ಐದು ಎಲೆ, ಎರಡು ಅಡಿಕೆ, ಕಾಯಿ ಇಟ್ಟು ಕೈಮುಗಿದ. ಪ್ಯಾಂಟು ಹಾಕಿದವನಿಗೂ ನಮ್ಮ ಕಟ್ಟಳೆ ಗೊತ್ತಿದೆಯಲ್ಲ ಎಂದು ನಾನು ಉಬ್ಬಿದೆ. ವೀಳ್ಯ ಇಟ್ಟವನು ಪದವನ್ನು ಹಾಡಬಹುದು, ಪದ ಅವನ ಸ್ವತ್ತಾಗುವುದಿಲ್ಲ ಎಂಬುದು ನಮ್ಮ ಲೆಕ್ಕ. ಇಂಗ್ಲಿಷ್ ಕಾಗದ ಐದು ಪುಟ ಇತ್ತು. ಓದಲು ಬರುವ ನಾನು ಎರಡು ಸಾಲು ಓದಿ, ಇಲ್ಲಿ ಸಹಿ ಮಾಡ್ರಿ ಎಂದು ಯಜಮಾನರಿಗೆ ಬೆರಳಿಟ್ಟು ತೋರಿಸಿದೆ.

ಅವರಿಗೆ ಕನ್ನಡ ಅಕ್ಷರ ತಿದ್ದಿಸಿ ಸಹಿ ಮಾಡಲು ಕಲಿಸಿದವಳೂ ನಾನೇ.

೧೬ ನವೆಂಬರ್, ಶನಿವಾರ

ಇಂಟರ್ನೆಟ್ಟಿನಲ್ಲಿ ಜಗತ್ತಿನ ಹಾಡೆಲ್ಲ ಸಿಗುತ್ತದೆ ಎಂದು ಸೊಸೆ ಎರಡು ದಿನದಿಂದ ಹೇಳುತ್ತಿದ್ದಳು. ಇಂದು ಅವಳ ಜೊತೆ ಹೋದೆ. ನಮ್ಮ ಮನೆ ಕಟ್ಟಿದ ಗವಂಡಿ ಇಸ್ಮಾಯಿಲನ ಮಗಳು ದಿಲಶಾದ ಮೇನ್ ರೋಡಿನಲ್ಲಿ ನೆಟ್ ಸೆಂಟರ್ ಇಟ್ಟಿದ್ದಾಳೆ. ನಾಲ್ಕು ಕಂಪ್ಯೂಟರು, ನಡುವೆ ಪರದೆ.

“ಬರ್ರಿ ಆಯಿ, ಕುಂದರ್ರಿ. ಏನ ಬೇಕಾಗಿತ್ರಿ?”

“ಒಂದು ಹಾಡ ಬೇಕು. ಕದ್ದಿದ್ದು ಬ್ಯಾಡ.”

ಹುಡುಗಿ ನಕ್ಕಳು. “ಅರೆ ಆಯಿ, ನೆಟ್ಟಿನ್ಯಾಗ ಕದೀಲಾರದ ಹಾಡ ಹುಡುಕೂದಂದ್ರ ಸಂತ್ಯಾಗ ನೊಣ ಕುಂದರಲಾರದ ಬೆಲ್ಲಾ ಹುಡುಕಿದಂಗ.”

“ನೊಣ ಹೊಡದು ತೋರಿಸು” ಎಂದು ಕುಳಿತೆ. ಎರಡು ತಾಸು ಕುಳಿತೆ. ಒಂದೊಂದನ್ನೂ ತೆರೆಯಿಸಿ, ಇದರ ಯಜಮಾನ ಯಾರು, ಹಾಡಿದವನಿಗೆ ಏನು ಸಿಗುತ್ತದೆ, ಒಯ್ದವನಿಗೆ ಏನು ಉಳಿಯುತ್ತದೆ ಎಂದು ಕೇಳಿದೆ. ಇಂಗ್ಲಿಷನ್ನು ನಾನೇ ಕೂಡಿಸಿ ಕೂಡಿಸಿ ಓದಿದೆ. ಈ ಸಲ ಎರಡು ಸಾಲಿಗೆ ಬಿಡಲಿಲ್ಲ.

ಮೊದಲು ಅಮೆರಿಕದ ಅಂಗಡಿ. ದೊಡ್ಡ ಕಂಪನಿಗಳೇ ಕೂಡಿ ಇಟ್ಟದ್ದು, ಕಾಯ್ದೆಗೆ ಸರಿ. ತಿಂಗಳಿಗೆ ಹತ್ತು ಡಾಲರು, ಅದೂ ಬ್ಯಾಂಕಿನ ಕಾರ್ಡಿನಿಂದ, ಅದೂ ಅಮೆರಿಕದಲ್ಲಿ ಇದ್ದವರಿಗೆ. ರೊಕ್ಕ ಕಟ್ಟುವುದು ನಿಂತರೆ ಇಳಿಸಿಕೊಂಡ ಹಾಡೂ ಸತ್ತುಹೋಗುತ್ತದಂತೆ. ಬಾಡಿಗೆ ಎಮ್ಮೆ. ಕನ್ನಡ ಅಲ್ಲಿ ಒಂದಕ್ಷರವಿಲ್ಲ. ಮುಂಬಯಿಯ ಅಂಗಡಿಯಲ್ಲಿ ಕನ್ನಡ ಉಂಟು, ಸಿನೆಮಾ ಮತ್ತು ಭಜನೆ. ಕೇಳಬಹುದು, ಒಯ್ಯುವಂತಿಲ್ಲ. ಕೇಳಲು ಹೋದರೆ ಬಿಕ್ಕಳಿಕೆ ಹತ್ತಿದವನು ಹಾಡಿದ ಹಾಗೆ ನಿಂತು ನಿಂತು ಬರುತ್ತದೆ. ಇನ್ನೊಂದು ಕಡೆ ಹಾಡಿದವರೇ ತಮ್ಮ ಹಾಡು ತಂದಿಟ್ಟು, ಬೇಕಾದವರು ಒಯ್ಯಿರಿ ಎಂದು ಬರೆದಿದ್ದಾರೆ. ಇದು ನನಗೆ ಮರ್ಯಾದೆಯ ಜಾಗ ಅನ್ನಿಸಿತು. ಆದರೆ ನಮ್ಮವರು ಯಾರು ಅಲ್ಲಿ ತಂದಿಡಬೇಕು?

ಕಡೆಯದು ಅದಲುಬದಲಿನ ಸಂತೆ. ಅಂಗಡಿಯೇ ಇಲ್ಲ, ಯಜಮಾನನೇ ಇಲ್ಲ. ಅವರವರ ಕಂಪ್ಯೂಟರಿನಲ್ಲಿ ಇದ್ದದ್ದನ್ನು ಇನ್ನೊಬ್ಬ ಪುಕ್ಕಟೆ ಎಳೆದುಕೊಳ್ಳುತ್ತಾನೆ. ಇಂಥದೊಂದನ್ನು ಹೋದ ವರ್ಷ ಅಮೆರಿಕದ ಕೋರ್ಟು ಮುಚ್ಚಿಸಿತಂತೆ. ಒಂದು ಬಾಳೆ ಕಡಿದ ಜಾಗದಲ್ಲಿ ಐದು ಸಸಿ ಎದ್ದಿವೆ. “ಇದ ಕಳ್ಳರ ಸಂತಿ” ಎಂದೆ. “ಹೌದ್ರಿ, ಆದ್ರ ಬಜಾರ ತುಂಬೈತಿ” ಎಂದು ದಿಲಶಾದ ಅದರಲ್ಲಿ ‘ಡೊಳ್ಳು’ ಎಂದು ಇಂಗ್ಲಿಷಿನಲ್ಲಿ ಒತ್ತಿದಳು.

ಮೂರು ಸಾಲು ಬಂದವು. ಎರಡನೆಯ ಸಾಲಿನಲ್ಲಿ ನನ್ನ ಗಂಡನ ಹೆಸರಿತ್ತು. ಸಿದರಾಯ, ಹೊಳಿ ಪದ, ಹದಿನಾಲ್ಕು.

“ಬಂದ ಮಾಡು” ಎಂದೆ.

“ಆಯಿ, ಇದ ಅಲ್ಲೇನ್ರಿ ನಿಮಗ ಬೇಕಾಗಿದ್ದು?”

“ಬಂದ ಮಾಡಂದ್ರ ಬಂದ ಮಾಡು!”

ಮನೆಯ ಗೇಟು ತೆಗೆಯುತ್ತ ಸೊಸೆ, “ಹನ್ನೆರಡ ದಿನಾ ಉಳದಾವ್ರಿ ಅತ್ತಿ” ಎಂದಳು.

ಹಕ್ಕು ಇದ್ದವನ ಹತ್ತಿರ ಹಾಡಿಲ್ಲ. ಹಾಡು ಇದ್ದವನ ಹತ್ತಿರ ಹಕ್ಕಿಲ್ಲ. ನಾನು ಯಾರ ಬಾಗಿಲಿಗೆ ಹೋಗಲಿ?

೧೮ ನವೆಂಬರ್, ಸೋಮವಾರ

ದುಂಡಪ್ಪ ವಕೀಲರನ್ನು ಕಂಡೆ. ಮೇಳದ ಹಳೆಯ ಅಭಿಮಾನಿ.

“ಅಕ್ಕಾರ, ಕ್ಯಾಸೆಟ್‌ನ ಹಕ್ಕ ಅರವತ್ತ ವರ್ಷ. ಹಾಡಿದವ ಸತ್ರೂ ಅದು ಸಾಯೂದಿಲ್ಲ. ಕಂಪನಿ ಕ್ಯಾಸೆಟ್‌ದಿಂದ ಯಾರರೆ ಏರಿಸಿದ್ರ, ಇಳಿಸಿಕೊಂಡ್ರ, ಕಾಗದದ ಮ್ಯಾಲೆ ಗುನ್ನೆನ. ಪೊಲೀಸರು ಸಿಡಿ ಅಂಗಡಿಗೋಳ ಮ್ಯಾಲೆ ದಾಳಿ ಮಾಡಿದ್ದ ಕೇಳೀರಲ್ಲ.”

“ತನ್ನ ಹಾಡ ತಾ ಕೇಳಾಕೂ ಗುನ್ನೇನ?”

“ಹಾಡ ಅವರದ. ಕ್ಯಾಸೆಟ್ ಅವರದಲ್ಲ. ಆದ್ರ ಒಂದ ಮಾತ,” ಎಂದು ಕನ್ನಡಕ ತೆಗೆದರು, “ಅದು ಕಂಪನಿದ ಆಗಿರಬೇಕಂತಿಲ್ಲ. ಯಾರರೆ ಜಾತ್ರ್ಯಾಗೋ ಜಾಗರದಾಗೋ ತಾವ ಹಿಡಕೊಂಡಿದ್ದ ಇದ್ರ ಕಂಪನಿ ಹಕ್ಕ ಅಲ್ಲಿ ನಡ್ಯಾಂಗಿಲ್ಲ. ಹಾಡಿದವರ ಒಪ್ಪಿಗಿ ಒಂದ ಸಾಕು.”

ಅಂಥದು ಇಲ್ಲ ಎಂದೆ. ಇದ್ದ ಒಂದನ್ನು ನಾನೇ ಸುಡಿಸಿದ್ದೇನೆ ಎಂದು ಹೇಳಲಿಲ್ಲ.

ಕಾಯ್ದೆ ಅಂದರೆ ಕಾಯ್ದೆ. ಇಳಿಸುವುದು ಬೇಡ.

೨೦ ನವೆಂಬರ್, ಬುಧವಾರ

ಬೆಳಿಗ್ಗೆ ಕೆಮ್ಮಿದಾಗ ಟವೆಲ್ಲಿಗೆ ರಕ್ತ ಬಂತು. ಸೊಸೆ ಅದನ್ನು ನನಗೆ ಕಾಣದ ಹಾಗೆ ಒಗೆಯಲು ಒಯ್ದಳು. ನನಗೆ ಕಂಡಿತ್ತು.

ಹನ್ನೊಂದು ಗಂಟೆಗೆ ದಿಲಶಾದಳ ಹತ್ತಿರ ಹೋಗಿ, ಇಳಿಸು ಎಂದೆ. ಅಷ್ಟೇ ಹೇಳಿದೆ. ಅವಳು ಕಂಪ್ಯೂಟರು ಹಚ್ಚಿದಳು.

ಇಪ್ಪತ್ತಾರು ನಿಮಿಷದ ಹಾಡು. ಫೋನಿನ ತಂತಿಯಲ್ಲಿ ಇರುವೆ ಸಕ್ಕರೆ ಹೊತ್ತ ಹಾಗೆ ಬರುತ್ತದೆ. ತೆರೆಯ ಮೇಲೆ ಒಂದು ಹಸಿರು ಪಟ್ಟಿ, ಅದರ ಬಾಜು ನೂರಕ್ಕೆ ಎಷ್ಟು ಎಂಬ ಅಂಕಿ. ಮೂರು ತಾಸು ಆ ಪಟ್ಟಿಯನ್ನೇ ನೋಡಿದೆ. ದೇವರ ಮುಂದೆಯೂ ಹಾಗೆ ಕುಳಿತವಳಲ್ಲ. ಅರವತ್ತೊಂದಕ್ಕೆ ಬಂದು ನಿಂತಿತು.

“ಏನಾತು?”

“ಆ ಕಡಿಯವರು ತಮ್ಮ ಕಂಪ್ಯೂಟರ ಬಂದ ಮಾಡ್ಯಾರ್ರಿ ಆಯಿ. ಅವರು ಮತ್ತ ಹಚ್ಚೂ ತನಕಾ ಬರಾಂಗಿಲ್ಲ.”

“ಯಾವಾಗ ಹಚ್ಚತಾರ?”

“ಖುದಾಗ ಗೊತ್ತು.”

ಬಂದಷ್ಟನ್ನು ಹಚ್ಚು ಎಂದೆ. ಕಿವಿಗೆ ಹಚ್ಚುವುದನ್ನು ಕೊಟ್ಟಳು. ಮೊದಲು ಗುಡಿಯ ಗಂಟೆ. ಮಂದಿಯ ಗದ್ದಲ. ಆಮೇಲೆ ಒಂದು ಹೆಂಗಸಿನ ದನಿ, ಚಾಕುವಿನ ಹಾಗೆ: “ಏ ನಾಗಲಿಂಗಾ, ಸುಮ್ನ ಏನ ಕುಂತಿ, ಅವರಿಗೆ ನೀರ ತಾ!” ಒಬ್ಬ ಗಂಡಸು: “ತಂದೆ ವೈನಿ, ತಂದೆ.”

ಆ ಹೆಂಗಸು ನಾನು.

ಆಮೇಲೆ ಡೊಳ್ಳು. ಆಮೇಲೆ ಅವರ ದನಿ, ನಲವತ್ತೆಂಟನೆಯ ವಯಸ್ಸಿನದು. ಒಂಬತ್ತನೆಯ ನುಡಿಯ ಅರ್ಧಕ್ಕೆ ತುಂಡಾಯಿತು.

೨೧ ನವೆಂಬರ್, ಗುರುವಾರ

ಇದು ಹಲಸಿಯ ಜಾಗರ. ೧೯೮೬. ಅಂದರೆ ನಾನು ಧುನಿಗೆ ಹಾಕಿಸಿದ್ದು ಬೇರೆ ಕ್ಯಾಸೆಟ್. ಆ ಕಳ್ಳ ಖರೇ ಕ್ಯಾಸೆಟ್ಟನ್ನು ಇಟ್ಟುಕೊಂಡು ಬೇರೆ ಯಾವುದನ್ನೋ ನನ್ನ ಕೈಗೆ ಕೊಟ್ಟಿದ್ದಾನೆ. ಹದಿನಾರು ವರ್ಷ ನಾಲ್ಕು ಊರಿನವರು ನನ್ನ ಬೆನ್ನ ಹಿಂದೆ ನಕ್ಕಿರಬೇಕು.

ಮನೆಯಲ್ಲಿ ಇದನ್ನು ಹೇಳಿದಾಗ ಯಜಮಾನರು ಸಿಟ್ಟಾಗಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಪಾಟಿ ತೆಗೆದುಕೊಂಡು ಮತ್ತೆ ‘ಹಲಸಿ’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು.

ಅವರಿಗೆ ಗೊತ್ತಿತ್ತು. ಮೊದಲಿನಿಂದ ಗೊತ್ತಿತ್ತು. ಮಂದಿಯಲ್ಲಿ ನನ್ನ ಮಾತಿನ ಬೆಲೆ ಹೋದೀತೆಂದು ಹೇಳಿರಲಿಲ್ಲ.

ಸೊಸೆ ಮೆಲ್ಲಗೆ ಅಂದಳು: “ನಾಗಲಿಂಗ ಮಾಮಾ ಈಗ ಖಾನಾಪುರದಾಗ ಮಗಳ ಮನ್ಯಾಗ ಅದಾರ್ರಿ. ಆಕಿ ಕಂಪ್ಯೂಟರ ಕ್ಲಾಸ್ ನಡಸ್ತಾಳ. ನನ್ನ ಸಾಲಿ ಗೆಳತಿ. ನಾ ಹೋಗಿ ತರ್ತೀನ್ರಿ.”

“ಈ ಮನಿ ಮಂದಿ ಕಳ್ಳನ ಬಾಗಲಾ ತುಳಿಯಾಂಗಿಲ್ಲ.”

“ನನಗೇನ ಐತ್ರಿ ಮಾನಾ ಮರ್ಯಾದಿ, ಖಾನಾಪುರದಾಕಿ. ನಾ ತುಳೀತೀನಿ.”

ಹನ್ನೊಂದು ವರ್ಷದಲ್ಲಿ ಅವಳು ನನಗೆ ತಿರುಗಿ ಮಾತಾಡಿದ್ದು ಇದೇ ಮೊದಲು. ಹೊಡೆಯಲು ಕೈ ಎತ್ತಲಿಲ್ಲ. ಕೈ ಏಳಲಿಲ್ಲ.

೨೩ ನವೆಂಬರ್, ಶನಿವಾರ

ದಿಲಶಾದಳ ಹತ್ತಿರ ಮೂರು ದಿನದಿಂದ ಕಾದಿದ್ದೇನೆ. ಆ ಕಡೆಯ ಕಂಪ್ಯೂಟರು ಹಚ್ಚಿಲ್ಲ. ಹಸಿರು ಪಟ್ಟಿ ಅರವತ್ತೊಂದಕ್ಕೇ ಇದೆ. ಕದಿಯಲು ಬಂದವಳಿಗೂ ಸಿಗದಂಥ ಕಳ್ಳಮಾಲು.

೨೪ ನವೆಂಬರ್, ಭಾನುವಾರ

ಹತ್ತನೆಯ ನುಡಿಯ ತನಕ ಪ್ರಮಿಳಾ ಚೆನ್ನಾಗಿ ಹಾಡುತ್ತಾಳೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಹಾಡುತ್ತಿದ್ದಳು. ಬಾಗಿಲ ಹೊರಗೆ ನಿಂತು ಕೇಳಿದೆ. ಅವಳು ನಿಲ್ಲಿಸಿದ ಮೇಲೆ ರೊಟ್ಟಿ ತಟ್ಟುವ ಸದ್ದಷ್ಟೇ ಉಳಿಯಿತು.

೨೫ ನವೆಂಬರ್, ಸೋಮವಾರ

ಆಸ್ಪತ್ರೆಗೆ ಸೇರಿಸಿದೆವು. ಪಿಸುಮಾತೂ ಈಗ ಗಾಳಿಯಷ್ಟೇ. ಡಾಕ್ಟರನ್ನು ಕೇಳಿದೆ, ನಾಲ್ಕು ದಿನ ಮುಂದೂಡಬಹುದೇ ಎಂದು. “ನಾಲ್ಕು ದಿನ ಯಾಕೆ ಬೇಕಮ್ಮಾ?” ಎಂದರು. ಗಂಟು ಕಾಯುವುದಿಲ್ಲ ಎಂದರು.

ಪದ ಯಾರ ಹತ್ತಿರ ಉಳಿದಿದೆಯೋ ಅವರ ಮುಂದೆ ವೀಳ್ಯ. ಈ ಕಟ್ಟಳೆಯನ್ನು ಎಷ್ಟು ಮೇಳದವರಿಗೆ ಹೇಳಿ ಅವರ ತಲೆ ತಗ್ಗಿಸಿದ್ದೇನೆ.

ನಾನು ಹೋಗುವುದಿಲ್ಲ.

೨೬ ನವೆಂಬರ್, ಮಂಗಳವಾರ

ಹೋದೆ.

ಬೆಳಿಗ್ಗೆ ಏಳರ ಬಸ್ಸು. ಚೀಲದಲ್ಲಿ ಯಜಮಾನರ ಕರಿ ಕಂಬಳಿ, ಎಲೆ, ಅಡಿಕೆ, ಕಾಯಿ. ಪ್ರಮಿಳಾ ತಾನೂ ಬರುತ್ತೇನೆ ಎಂದಳು. ಬೇಡ ಎಂದೆ. ಮೇಳದ ಪರವಾಗಿ ಕೇಳಬೇಕಾದವರು ಮೇಳದ ಹಿರಿಯರು. ಅವರು ಹಾಸಿಗೆಯಲ್ಲಿದ್ದಾರೆ, ಉಳಿದವಳು ನಾನು.

ಖಾನಾಪುರ ಬಸ್ ಸ್ಟ್ಯಾಂಡಿನಿಂದ ನಡೆದು ಹೋದೆ. ನಾಗಲಿಂಗ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದ. ಮುದುಕನಾಗಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ, ಆಮೇಲೆ ಯಾಕೆ ಎದ್ದೆ ಎಂದುಕೊಂಡನೇನೋ, ಮತ್ತೆ ಕುಳಿತ.

“ಬರ್ರಿ ವೈನಿ. ಹದಿನಾರ ವರ್ಷ ಆತು. ಇವತ್ತ ಯಾವ ಟೇಪ ಸುಡಾಕ ಬಂದೀರಿ? ಕಡ್ಡಿಪೆಟಗಿ ಕೊಡ್ಲೇನು?”

ಕಟ್ಟೆಯ ಕೆಳಗೆ, ಬೀದಿಯ ಮಗ್ಗುಲಿಗೆ, ಕಂಬಳಿ ಹಾಸಿದೆ. ಎದುರುಮನೆಯ ಹೆಂಗಸು ನೀರಿನ ಕೊಡ ಇಟ್ಟು ನೋಡುತ್ತಿದ್ದಳು. ಕಂಪ್ಯೂಟರ್ ಕಲಿಯಲು ಬಂದ ಹುಡುಗಿಯರು ಬಾಗಿಲಲ್ಲಿ ಗುಂಪುಕಟ್ಟಿದರು. ಎಲೆಗಳನ್ನು ಎಣಿಸಿ ಇಟ್ಟೆ. ಅಡಿಕೆ ಇಡುವಾಗ ಒಂದು ಉರುಳಿತು. ಹೆಕ್ಕಿ ಮತ್ತೆ ಇಟ್ಟೆ.

“ವೈನಿ, ಏನ ಮಾಡಾಕತ್ತೀರಿ! ಏಳ್ರಿ ಮ್ಯಾಲೆ!”

“ಹೊಳಿ ಪದ ಕೇಳಾಕ ಬಂದೇನಿ. ಹದಿನಾಲ್ಕ ನುಡಿ. ನಿನ್ನ ಕಡೆ ಉಳದಾವು, ನಮ್ಮ ಕಡೆ ಉಳದಿಲ್ಲ. ಗುರುವಾರ ಅವರ ದನಿ ತಗೀತಾರ.”

ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಕಟ್ಟೆ ಇಳಿದು ಕಂಬಳಿಯ ಎದುರು ಕುಳಿತ.

“ನೀವು ಸುಟ್ಟಿದ್ದು ಖಾಲಿ ಟೇಪ್ರಿ,” ಎಂದ. “ಖರೇದ್ದು ಅವತ್ತ ಎಲ್ಲಿತ್ತ ಗೊತ್ತೇನು? ಅಣ್ಣಾನ ಡೊಳ್ಳಿನ ಚೀಲದಾಗ. ಅವನ ತಗೊಂಡ ಇಟಗೊಂಡ. ಮುಂದ ಎಂಟ ದಿನಕ್ಕ ನನಗ ಕೊಟ್ಟು, ನಿಮ್ಮ ವೈನಿ ಇರೂತನಕಾ ಇದನ್ನ ತಗೀಬ್ಯಾಡ ಅಂದ.”

“ನಾ ಇನ್ನೂ ಇದ್ದೇನಿ.”

“ಅದ ಕಾಣಾಕತ್ತೈತಿ” ಎಂದ. ಇಬ್ಬರೂ ನಕ್ಕೆವೋ ಅತ್ತೆವೋ ತಿಳಿಯಲಿಲ್ಲ. “ನನ್ನ ಮಗಳು ಟೇಪ ಹಾಳಾಗತೈತಿ ಅಂತ ಕಂಪ್ಯೂಟರಿಗೆ ಹಾಕಿದ್ಲು. ಕದೀಬೇಕಂತ ಅಲ್ಲ ವೈನಿ. ಅವತ್ತೂ ಅಲ್ಲ. ಅಣ್ಣಾನ ದನಿ ಅವನ ಸಂಗಾಟ ಹೋಗಬಾರ್ದಂತ ಅಂಜಿದ್ದೆ. ಕೇಳೂನಂದ್ರ ನಿಮ್ಮ ಮಾರಿ ನೋಡಿ ಇನ್ನೂ ಅಂಜಿದೆ.”

ಮಗಳ ಕಂಪ್ಯೂಟರು ಆರು ದಿನದಿಂದ ಕೆಟ್ಟು ಬೆಳಗಾವಿಗೆ ರಿಪೇರಿಗೆ ಹೋಗಿದೆಯಂತೆ. ಹಸಿರು ಪಟ್ಟಿಯನ್ನು ನಾನು ಜೀವಮಾನವಿಡೀ ನೋಡುತ್ತ ಕುಳಿತರೂ ಮುಂದೆ ಸರಿಯುತ್ತಿರಲಿಲ್ಲ.

ಒಳಗಿನಿಂದ ಕ್ಯಾಸೆಟ್ ತಂದ. ಕುಂಕುಮ ಹಚ್ಚಿದ ಬಟ್ಟೆಯಲ್ಲಿ ಸುತ್ತಿತ್ತು. ಎಲೆ ಮುಟ್ಟಿ ‘ಕೊಟ್ಟೆ’ ಎಂದರು ನಾಗಲಿಂಗಪ್ಪನವರು. ಆಮೇಲೆ ಕಂಬಳಿಯನ್ನು ತಾವೇ ಮಡಿಚಿ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, “ನಡೀರಿ, ಬಸ್ ತಪ್ಪತೈತಿ” ಎಂದರು.

೨೭ ನವೆಂಬರ್, ಬುಧವಾರ

ಆಸ್ಪತ್ರೆಯ ಕೋಣೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ. ಟೇಪ್ ರೆಕಾರ್ಡರು ಸ್ಟೂಲಿನ ಮೇಲೆ, ನೆಲದಲ್ಲಿ ಪ್ರಮಿಳಾ, ಮಂಚದ ಕಾಲಬದಿಗೆ ನಾಗಲಿಂಗಪ್ಪನವರು. ನನ್ನ ಗಂಡ ಮತ್ತು ಅವರು ಒಬ್ಬರನ್ನೊಬ್ಬರು ಕಂಡರು. ಕೈ ಹಿಡಿದುಕೊಂಡರು. ಬಿಡಲಿಲ್ಲ.

ಹತ್ತನೆಯ ನುಡಿ ಮುಗಿಯಿತು. ನಾನು ಏಳಲಿಲ್ಲ.

ಹನ್ನೊಂದನೆಯ ನುಡಿ: ‘ಎದಿಮಟ ನೀರಾಗ ಎತ್ತಿಕೊಂಡೆ ಕುಂಟಮರಿ.’ ಅದರ ಮುಂದಿನ ಸಾಲು ಇಲ್ಲ. ಆ ಸಾಲಿನ ಮೇಲೆ ನನ್ನ ದನಿ ಕೂತಿದೆ: “ಏ ಗಂಗಾಳ ಹಾಕ್ರಿ! ಅನ್ನ ಆರಾಕತ್ತೈತಿ! ಯಾರ ಅದಾರಲ್ಲಿ?”

ಮೂರು ಸಲ ಹಿಂದೆ ತಿರುಗಿಸಿ ಹಚ್ಚಿದರು. ಮೂರು ಸಲವೂ ನಾನು ಕೂಗಿದೆ. ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದೆ. ಕದ್ದವನು ಹದಿಮೂರು ನುಡಿ ಪೂರ್ತಿ ಉಳಿಸಿದ್ದಾನೆ. ಒಂದು ಸಾಲು ಕದ್ದವಳು ನಾನು.

ನಾಲ್ಕನೆಯ ಸಲ ನನ್ನ ಕೂಗು ಬರುವ ಮೊದಲೇ ಅವರು ಕೈ ಎತ್ತಿದರು. ಟೇಪು ನಿಲ್ಲಿಸಿದರು. ಬೆರಳಿನಿಂದ ಪ್ರಮಿಳಾಳನ್ನು ಹತ್ತಿರ ಕರೆದರು. ಅವಳು ಬಾಯಿಯ ಹತ್ತಿರ ಕಿವಿ ಒಯ್ದಳು. ಗಾಳಿಯಷ್ಟು ದನಿ. ಅವಳು ತಲೆ ಎತ್ತಿ, ಕಣ್ಣು ತುಂಬಿಕೊಂಡು ಹಾಡಿದಳು:

‘ಹೆಗಲ ಭಾರ ಅನಲಿಲ್ಲ, ಹೊಳಿ ಭಾರ ಅನಲಿಲ್ಲ.’

ಹದಿನಾಲ್ಕನೆಯ ನುಡಿಯನ್ನು ನಾನು ಇಂದು ಮೊದಲ ಸಲ ಕೇಳಿದೆ. ಮಂದೆಯೆಲ್ಲ ದಾಟಿದೆ, ಕುರುಬ ಈಚೆ ಉಳಿದಿದ್ದಾನೆ.

‘ನಾ ಉಳದೆ ಈ ದಂಡಿ, ಕೂಗಷ್ಟ ಆ ದಂಡಿ,
ಕೂಗ ಕೇಳಿ ನಡೀರವ್ವ, ನನ್ನ ಹಾದಿ ಕಾಯಬ್ಯಾಡ್ರಿ.’

ಸಂಜೆಯ ಹೊತ್ತಿಗೆ ಪ್ರಮಿಳಾ ಹದಿನಾಲ್ಕೂ ನುಡಿಯನ್ನು ತಡೆಯಿಲ್ಲದೆ ಹಾಡಿದಳು. ನರ್ಸು ಬೈಯಲು ಬಂದವಳು ಬಾಗಿಲಲ್ಲೇ ನಿಂತಳು. ‘ಹೊಳಿ’ ಎನ್ನುವಾಗ ಈಗಲೂ ಸ್ವಲ್ಪ ಮರಾಠಿ ಇದೆ. ಇರಲಿ. ಮಲಪ್ರಭಾ ಖಾನಾಪುರದ ಮೇಲೇ ಹರಿದು ಬರುತ್ತದೆ.

ಆಮೇಲೆ ಕಂಬಳಿ ಹಾಸಿ ಪ್ರಮಿಳಾಳ ಕೈಯಿಂದ ವೀಳ್ಯ ಇಡಿಸಿದೆ. ಅದರ ಬಾಜು ಇನ್ನೊಂದು ವೀಳ್ಯವನ್ನು ನಾನು ಇಟ್ಟೆ.

“ಇದ್ಯಾರದು ವೈನಿ?” ಎಂದರು ನಾಗಲಿಂಗಪ್ಪನವರು.

“ಯಾರ್ಯಾರ ಒಯ್ತಾರೋ ಅವರ್ದು. ಅವರಿಗೆ ಎಲಿ ಎಲ್ಲಿ ಸಿಗಬೇಕು, ಕಂಬಳಿ ಎಲ್ಲಿ ಸಿಗಬೇಕು. ಅವರೆಲ್ಲಾರ ಪರವಾಗಿ ನಾ ಕೇಳ್ತೀನಿ.”

ನನ್ನ ಗಂಡ ನನ್ನನ್ನು ಬಹಳ ಹೊತ್ತು ನೋಡಿದರು. ಎರಡೂ ಕೈಯಿಂದ ಎರಡೂ ಕಡೆಯ ಎಲೆ ಮುಟ್ಟಿದರು. ಬಾಯಿಂದ ಬರಬೇಕು, ಪಾಟಿಯ ಮೇಲೆ ನಡೆಯುವುದಿಲ್ಲ. ಎರಡು ಸಲ ಬರೀ ಉಸಿರು ಬಂತು. ಮೂರನೆಯ ಸಲ ಬಂತು.

“ಕೊಟ್ಟೆ.”

ಅವರ ದನಿಯನ್ನು ನಾನು ಕೇಳಿದ್ದು ಅದೇ ಕಡೆಯದು.

೨೮ ನವೆಂಬರ್, ಗುರುವಾರ

ಎಂಟಕ್ಕೆ ಒಳಗೆ ಒಯ್ದರು. ಐದು ತಾಸು ಆಗುತ್ತದಂತೆ. ರಾಮಲಿಂಗನೂ ನಾಗಲಿಂಗಪ್ಪನವರೂ ಬಾಗಿಲ ಹತ್ತಿರ ಕುಳಿತರು. ನಾನು ಪ್ರಮಿಳಾಳನ್ನು ಕರೆದುಕೊಂಡು ದಿಲಶಾದಳ ಹತ್ತಿರ ಹೋದೆ. ದಿಲಶಾದ ಒಂದು ವಯರು ಸಿಕ್ಕಿಸಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದಳು. ನನ್ನ ಕೂಗನ್ನು ಕತ್ತರಿಸಿ ತೆಗೆಯಲೇ ಎಂದು ಕೇಳಿದಳು. ಬೇಡ ಎಂದೆ. ಆ ಸಾಲನ್ನು ಪ್ರಮಿಳಾ ಕೊನೆಯಲ್ಲಿ ಬೇರೆಯಾಗಿ ಹಾಡಿ ಸೇರಿಸಿದಳು.

ಹಾಡಿದವರೇ ತಮ್ಮ ಹಾಡು ತಂದಿಡುವ ಆ ಮರ್ಯಾದೆಯ ಜಾಗ ತೆರೆಯಿಸಿದೆ. ಅಲ್ಲಿಯ ಕರಾರನ್ನು ಮೊದಲಿನಿಂದ ಕಡೆಯ ತನಕ ಓದಿದೆ. ಒಂದೂವರೆ ತಾಸು ಹಿಡಿಯಿತು. ಕೊಟ್ಟರೂ ಹಕ್ಕು ನಮ್ಮಲ್ಲೇ ಉಳಿಯುತ್ತದೆ ಎಂಬ ಸಾಲನ್ನು ಮೂರು ಸಲ ಓದಿದೆ.

“ಹಾಡಿದವರ ಹೆಸರ ಹೇಳ್ರಿ ಆಯಿ, ಬರೀತೀನಿ.”

ಪ್ರಮಿಳಾ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದೆ.

“ಸಿದರಾಯ,” ಎಂದೆ. “ಹಿಮ್ಮೇಳ ನಾಗಲಿಂಗ.”

ಕೆಳಗೆ ಏನಾದರೂ ಬರೆಯಲು ಜಾಗವಿತ್ತು. ಕನ್ನಡ ಅಕ್ಷರ ಅದರಲ್ಲಿ ಮೂಡುವುದಿಲ್ಲವಂತೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಸಿದೆ: ಈ ಪದ ಒಯ್ಯುವವರ ಪರವಾಗಿ ವೀಳ್ಯ ಇಟ್ಟಾಗಿದೆ. ಪದದವರು ಕೊಟ್ಟೆ ಅಂದಿದ್ದಾರೆ.

ಗುಂಡಿಯನ್ನು ನಾನೇ ಒತ್ತಿದೆ. ಹಸಿರು ಪಟ್ಟಿ ನೂರಕ್ಕೆ ಮುಟ್ಟುವ ತನಕ ಕುಳಿತಿದ್ದು, ಎದ್ದು ಆಸ್ಪತ್ರೆಗೆ ಬಂದೆ.